ನನ್ನ ಆರ್ಗ್ಯುಮೆಂಟ್‌ಗೆ ನೀನ್ಯಾಕೆ ಕೈ ಹಾಕ್ತೀಯ?

ಒಂದಿಡೀ ದಿನ ಹಾಳಾಯಿತು. ಅದೂ ಒಂದು ‘ಎಸ್’ ಅಕ್ಷರಕ್ಕೆ!

ನನ್ನ ಪೈಥಾನ್ ಸ್ಕ್ರಿಪ್ಟ್ ಒಳಗೆ ಒಂದು ಲೋಡ್ ಟೆಸ್ಟಿಂಗ್ ಲೈಬ್ರರಿ (ಒಟ್ಟಿಗೆ ಎಷ್ಟು ಬಳಕೆದಾರರನ್ನು ಸರ್ವರ್ ತಾಳುತ್ತೆ ಅಂತ ನೋಡೋ ರೆಡಿಮೇಡ್ ಕೋಡ್) ಸೇರಿಸಿದ್ದೆ. ಲಾಗಿನ್ ಹೆಸರು ಕೊಡೋಕೆ ನನ್ನದೇ ಒಂದು --ಯೂಸರ್ ಆಪ್ಷನ್ (ಓಡಿಸುವಾಗ ಕಮಾಂಡ್ ಲೈನ್‌ನಲ್ಲಿ ಬರೆಯೋ ಆರ್ಗ್ಯುಮೆಂಟ್) ಇದೆ. ‘--ಯೂಸರ್ ಅಡ್ಮಿನ್’ ಅಂತ ಕೊಟ್ಟು ಓಡಿಸಿದೆ. ‘ಅಡ್ಮಿನ್’ ಸರಿಯಾದ ಇಂಟ್ (ಪೂರ್ಣಾಂಕ) ಅಲ್ಲ ಅಂತ ಎರರ್ ಬಂತು. ಇಂಟ್ ಕೇಳಿದ್ದು ಯಾರು? ನನ್ನ ಕೋಡ್‌ನಲ್ಲಿ ಎಲ್ಲೂ ಇಲ್ಲ. ಎರರ್ ಮೇಲೆ ಇದ್ದದ್ದು ಮಾತ್ರ ನನ್ನ ಸ್ಕ್ರಿಪ್ಟ್ ಹೆಸರೇ. ಎರರ್ ಯಾವ ಸಾಲಿನಿಂದ ಬಂತು ಅಂತ ತೋರಿಸೋ ಟ್ರೇಸ್‌ಬ್ಯಾಕ್ ಕೂಡ ಇಲ್ಲ.

ಸಾಲು ಸಾಲು ಹುಡುಕಿದ ಮೇಲೆ ಸಿಕ್ಕಿತು. ಇಂಪೋರ್ಟ್ ಆದ ಕೂಡಲೇ ಆ ಲೈಬ್ರರಿ ತಾನೇ ಆರ್ಗ್‌ಪಾರ್ಸ್‌ನ (ಆರ್ಗ್ಯುಮೆಂಟ್ ಓದೋಕೆ ಪೈಥಾನ್ ಜೊತೆಗೇ ಬರೋ ಮಾಡ್ಯೂಲ್) ಪಾರ್ಸ್_ಆರ್ಗ್ಸ್ ಫಂಕ್ಷನ್ ಕರೆಯುತ್ತದೆ. ಬರಿಗೈಲಿ ಕರೆದರೆ ಅದು ಸೀದಾ ಸಿಸ್.ಆರ್ಗ್‌ವಿ (ಕಮಾಂಡ್ ಲೈನ್‌ನಲ್ಲಿ ಬರೆದ ಪದಗಳ ಪಟ್ಟಿ) ಓದುತ್ತದೆ. ಅಂದರೆ ನನಗೆ ಬಂದ ಕಾಗದವನ್ನು ಅದು ಒಡೆದು ಓದಿದೆ. ಎಷ್ಟು ಬಳಕೆದಾರರು ಅಂತ ಹೇಳೋಕೆ ಅದಕ್ಕೊಂದು --ಯೂಸರ್ಸ್ ಆಪ್ಷನ್ ಇದೆ. ಆರ್ಗ್‌ಪಾರ್ಸ್ ಅರ್ಧ ಹೆಸರು ಕಂಡರೂ ಪೂರ್ತಿ ಮಾಡಿಕೊಳ್ಳುತ್ತದೆ. ನನ್ನ --ಯೂಸರ್ ಅದಕ್ಕೆ --ಯೂಸರ್ಸ್ ಆಯಿತು. ಪೈಥಾನ್ 3.5ರಿಂದ ಇದನ್ನು ನಿಲ್ಲಿಸೋಕೆ ಅಲೌ_ಅಬ್ರೆವ್ ಇದೆ. ಲೈಬ್ರರಿಯಲ್ಲಿ ಅದಕ್ಕೆ ಫಾಲ್ಸ್ ಅಂತ ಒಂದು ಪದ ಬರೆದಿದ್ದರೆ ಹೆಸರಿನ ಈ ಗೊಂದಲವಾದರೂ ಇರುತ್ತಿರಲಿಲ್ಲ ಅಲ್ವಾ?

ಎರರ್ ಹಿಡಿಯೋಕೆ ಇಂಪೋರ್ಟ್ ಸುತ್ತ ಟ್ರೈ ಹಾಕಿ ‘ಎಕ್ಸೆಪ್ಟ್ ಎಕ್ಸೆಪ್ಷನ್’ ಬರೆದೆ. ಅದಕ್ಕೂ ಸಿಗಲಿಲ್ಲ. ಆರ್ಗ್‌ಪಾರ್ಸ್ ಎಸೆಯೋದು ಸಿಸ್ಟಮ್‌ಎಕ್ಸಿಟ್ (ಪ್ರೋಗ್ರಾಂ ಮುಗಿಸು ಅನ್ನೋ ಸೂಚನೆ), ಅದು ಎಕ್ಸೆಪ್ಷನ್ ಬಳಗಕ್ಕೆ ಸೇರಿದ್ದಲ್ಲ. ಎಕ್ಸಿಟ್ ಕೋಡ್ 2, ಪ್ರೋಗ್ರಾಂ ಅಲ್ಲೇ ಮುಗಿಯಿತು. ನಾನು ಕರೆದ ಲೈಬ್ರರಿ ನನ್ನ ಪ್ರೋಗ್ರಾಂ ಅನ್ನೇ ಮುಚ್ಚಿ ಹೋಗೋದು ಯಾವ ನ್ಯಾಯ?

ಕಮಾಂಡ್ ಲೈನ್ ಓದೋದು ಮೇನ್‌ನ, ಅಂದರೆ ಮುಖ್ಯ ಪ್ರೋಗ್ರಾಂನ ಕೆಲಸ. ಲೈಬ್ರರಿಗೆ ಬೇಕಾದ್ದನ್ನು ನಾನು ಫಂಕ್ಷನ್‌ಗೆ ಕೊಡುತ್ತೇನೆ. ಕೊಡದಿದ್ದರೆ ಡೀಫಾಲ್ಟ್ ಬಳಸಲಿ. ಇಷ್ಟು ಮಾಡೋಕೆ ಏನು ಕಷ್ಟ?

ಈಗ ಮೊದಲು ನನ್ನ ಆರ್ಗ್ಯುಮೆಂಟ್ ಓದಿ ಇಟ್ಟುಕೊಳ್ಳುತ್ತೇನೆ. ಸಿಸ್.ಆರ್ಗ್‌ವಿಯಲ್ಲಿ ಸ್ಕ್ರಿಪ್ಟ್ ಹೆಸರು ಮಾತ್ರ ಉಳಿಸಿ, ಆಮೇಲೆ ಲೈಬ್ರರಿ ಇಂಪೋರ್ಟ್ ಮಾಡುತ್ತೇನೆ. ಕೆಲಸ ನಡೆಯುತ್ತಿದೆ, ಆದರೆ ನೋಡಿದರೆ ಮೈ ಉರಿಯುತ್ತದೆ. ನಿನ್ನೆ ಇಂಪೋರ್ಟ್ ಫೈಲ್ ತಲೆಯಲ್ಲೇ ಇರಬೇಕು ಅಂತ ಲಿಂಟರ್ (ಕೋಡ್ ಬರೆಯೋ ಶೈಲಿ ತಪಾಸಣೆ ಮಾಡೋ ಟೂಲ್) ಹೇಳಿತು. ಜೊತೆಗಾರರೊಬ್ಬರು ಆ ಸಾಲನ್ನು ಸುಮ್ನೆ ಮೇಲಕ್ಕೆ ಸರಿಸಿದರು. ರಾತ್ರಿ ಹಚ್ಚಿದ ಟೆಸ್ಟ್ ಮೊದಲ ಸೆಕೆಂಡಿಗೇ ಸತ್ತಿತ್ತು. ಲಾಗ್‌ನಲ್ಲಿ ಮತ್ತೆ ಅದೇ ಸಾಲು: ‘ಅಡ್ಮಿನ್’ ಸರಿಯಾದ ಇಂಟ್ ಅಲ್ಲ.