ಮೈಸೂರಿನ ಗುರು, ಬಾಸ್ಟನ್ನಿನ ಗಂಟೆ ಲೆಕ್ಕ

ನಾನಿರುವ ಬಾಸ್ಟನ್ ಕಡೆ ಯೋಗ ಕಲಿಸುವ ಎಷ್ಟೋ ಜನ ಮೂರು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಾರೆ. ಯೋಗ ಶಿಕ್ಷಕರ ಹೆಸರು ನೋಂದಾಯಿಸುವ ಅಮೆರಿಕದ ಸಂಸ್ಥೆ ಯೋಗ ಅಲಯನ್ಸ್‌ನ ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ 45 ಗಂಟೆ ಪಾಠ ಮಾಡಿರಬೇಕು, 30 ಗಂಟೆ ಹೊಸದೇನಾದರೂ ಕಲಿತಿರಬೇಕು. ಆ 30 ಗಂಟೆಗೆ ನನ್ನ ಪರಿಚಯದ ಹಲವರು ಟ್ರಾಮಾ ಯೋಗದ ಕೋರ್ಸ್ ಆರಿಸಿಕೊಂಡಿದ್ದಾರೆ. ಹೊಡೆತ, ಅತ್ಯಾಚಾರ, ಯುದ್ಧ ಇಂಥದ್ದನ್ನೆಲ್ಲ ಅನುಭವಿಸಿ ಬಂದವರಿಗೆ ಯೋಗ ಹೇಗೆ ಕಲಿಸಬೇಕು ಅನ್ನುವ ಪಾಠ ಅದು.

ಮೈಸೂರಿನ ಗೆಳೆಯರಿಗೆ ಇದು ತಮಾಷೆ. "ಯೋಗಕ್ಕೂ ಗಂಟೆ ಲೆಕ್ಕಾನಾ ಮಾರಾಯ?" ಅಂತಾರೆ. ಅವರ ನಗುವಿನಲ್ಲಿ ಅರ್ಧ ನಿಜ ಇದೆ.

ಇನ್ನರ್ಧಕ್ಕೆ ಇಲ್ಲಿನ ಕ್ಲಾಸ್ ನೋಡಬೇಕು. ಪಕ್ಕದ ಬ್ರೂಕ್‌ಲೈನ್‌ನ ಟ್ರಾಮಾ ಸೆಂಟರ್‌ನಲ್ಲಿ ಡೇವಿಡ್ ಎಮರ್ಸನ್ ರೂಪಿಸಿದ ಪದ್ಧತಿಯಲ್ಲಿ ಶಿಕ್ಷಕರು ಯಾರನ್ನೂ ಮುಟ್ಟುವುದಿಲ್ಲ. "ಕೈ ಎತ್ತಿ" ಅನ್ನುವುದಿಲ್ಲ, "ಬೇಕೆನಿಸಿದರೆ ಕೈ ಎತ್ತಿ ನೋಡಬಹುದು" ಅನ್ನುತ್ತಾರೆ. ಶವಾಸನದಲ್ಲಿ ಕಣ್ಣು ಮುಚ್ಚಲೇಬೇಕೆಂದಿಲ್ಲ. ಆಸನ ಚೆಂದ ಬಂತಾ ಅಂತ ಯಾರೂ ನೋಡುವುದಿಲ್ಲ. ಹಿಂದೆ ಯಾರದೋ ಬಲವಂತಕ್ಕೆ ಸಿಕ್ಕಿದ್ದ ಮೈಗೆ ಇನ್ನೊಬ್ಬರ ಅಪ್ಪಣೆ ಕೇಳಿದರೇ ಸಾಕು, ಭಯ ಮರುಕಳಿಸಬಹುದು. ನಮ್ಮಲ್ಲಿ? "ಇನ್ನೂ ಬಗ್ಗಿ, ಇನ್ನೂ" ಅಂತ ಬೆನ್ನು ಒತ್ತಿದರೇನೇ ಒಳ್ಳೆಯ ಮೇಷ್ಟ್ರು ಅಲ್ವಾ!

2014ರಲ್ಲಿ ಅದೇ ಸೆಂಟರ್‌ನ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡದ ಅಧ್ಯಯನವೊಂದು ಬಂತು. ಬೇರೆ ಚಿಕಿತ್ಸೆಗೆ ಸರಿಯಾಗಿ ಬಗ್ಗದ ಪಿಟಿಎಸ್‌ಡಿ (ಆಘಾತ ಕಳೆದ ಮೇಲೂ ಬಿಡದೆ ಕಾಡುವ ಮಾನಸಿಕ ತೊಂದರೆ) ಇದ್ದ 64 ಹೆಂಗಸರು, 10 ವಾರ. ಯೋಗ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಕೊನೆಗೆ ಪಿಟಿಎಸ್‌ಡಿ ಲೆಕ್ಕದಿಂದ ಹೊರಬಂದರು. ಆರೋಗ್ಯದ ಪಾಠ ಮಾತ್ರ ಕೇಳಿದ ಗುಂಪಿನಲ್ಲಿ ಐದರಲ್ಲಿ ಒಬ್ಬರು. ಚಿಕ್ಕ ಅಧ್ಯಯನ, ನಿಜ. ಅದರಲ್ಲೂ ಯೋಗವನ್ನು ಚಿಕಿತ್ಸೆಯ ಜೊತೆಗೆ ಕೊಟ್ಟಿದ್ದರು, ಚಿಕಿತ್ಸೆಯ ಬದಲಿಗಲ್ಲ. ವಾರಾಂತ್ಯದ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದವರಿಗೆ ಈ ವ್ಯತ್ಯಾಸ ಬೇಗ ಮರೆಯುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ಕ್ಲಾಸ್ ನಡುವೆ ಯಾರಾದರೂ ನಡುಗಿ ಅಳತೊಡಗಿದರೆ ಆ ಶಿಕ್ಷಕಿ ಯಾರಿಗೆ ಫೋನ್ ಮಾಡಬೇಕು? 30 ಗಂಟೆಯ ವಿಡಿಯೋ ಅದನ್ನು ಹೇಳಿಕೊಡುವುದಿಲ್ಲ. ಮೈಸೂರಿನ ಅಷ್ಟಾಂಗ ಯೋಗ ಪದ್ಧತಿಯವರು ಎಷ್ಟು ದೊಡ್ಡ ಶಿಕ್ಷಕರಾದರೂ ಮತ್ತೆ ಮತ್ತೆ ಗುರುವಿನ ಹತ್ತಿರ ಹೋಗಿ ಕಲಿಯುತ್ತಾರೆ. ಕಲಿಕೆ ಮುಗಿಯಿತು ಅನ್ನುವುದೇ ಇಲ್ಲ. ಅದು ಇಲ್ಲಿಗೆ ಬೇಕು.

ಆದರೆ ಗುರುವನ್ನು ಯಾರೂ ಪ್ರಶ್ನಿಸದಿದ್ದರೆ ಏನಾಗುತ್ತದೆ ಅನ್ನುವುದೂ ಮೈಸೂರಿಗೇ ಗೊತ್ತು. ಆ ಪದ್ಧತಿಯ ಗುರು ಪಟ್ಟಾಭಿ ಜೋಯಿಸರು ಆಸನ ಸರಿಪಡಿಸುವ ಹೆಸರಿನಲ್ಲಿ ಮುಟ್ಟಬಾರದಂತೆ ಮುಟ್ಟಿದರೆಂದು ಹಲವು ಶಿಷ್ಯೆಯರು ಬಹಿರಂಗವಾಗಿಯೇ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಕ್ಷಮೆ ಕೇಳಿದರು. ಊರಿನಲ್ಲಿ ಇದನ್ನು ಎತ್ತಿದರೆ ಈಗಲೂ ಮಾತು ಬೇರೆ ಕಡೆ ತಿರುಗುತ್ತದೆ.

ಟ್ರಾಮಾ ವಿಷಯ ನಮಗೆ ಹೊಸದೇನಲ್ಲ. 2004ರ ಸುನಾಮಿ ಆದಮೇಲೆ ಯೋಗ ಸಂಶೋಧಕಿ ಶರ್ಲಿ ಟೆಲ್ಲಿಸ್ ಮತ್ತು ಜೊತೆಗಾರರು ಅಂಡಮಾನಿನ ಸಂತ್ರಸ್ತರಿಗೆ ಒಂದು ವಾರ ಯೋಗ ಕಲಿಸಿ, ಭಯ, ಆತಂಕ, ನಿದ್ದೆಗೇಡು ಕಡಿಮೆಯಾದದ್ದನ್ನು ದಾಖಲಿಸಿದ್ದಾರೆ. ಆ ತಿಳಿವಳಿಕೆ ಜಯನಗರದ ಮೊದಲ ಮಹಡಿಯ ಯೋಗ ಕ್ಲಾಸಿಗೆ ಇಳಿದಿಲ್ಲ, ಅಷ್ಟೇ.

ಮೇಷ್ಟ್ರ ಕೈ ಬೇಕು ಅನ್ನುವವರೂ ಇದ್ದಾರೆ. ನಮ್ಮಮ್ಮನಿಗೆ ಯಾರಾದರೂ ಭುಜ ಹಿಡಿದು ತಿರುಗಿಸಿದರೇನೇ ಸಮಾಧಾನ. ಇಲ್ಲಿನ ಕೆಲವು ಮಾಮೂಲಿ ಯೋಗ ಕ್ಲಾಸುಗಳಲ್ಲಿ ಮ್ಯಾಟ್ ಪಕ್ಕ ಒಂದು ಕಾರ್ಡ್ ಇಡುತ್ತಾರೆ. ಒಂದು ಮಗ್ಗುಲು 'ಮುಟ್ಟಬಹುದು', ಇನ್ನೊಂದು 'ಬೇಡ'. ನಡುವೆ ಮನಸ್ಸು ಬದಲಾದರೆ ತಿರುಗಿಸಿಟ್ಟರಾಯಿತು, ಯಾರೂ ಕಾರಣ ಕೇಳುವುದಿಲ್ಲ. ಇದನ್ನು ಊರಿನಲ್ಲಿ ಶುರುಮಾಡಲು ಯಾವ ಅಲಯನ್ಸ್‌ನ ಅಪ್ಪಣೆಯೂ ಬೇಡ.