ಗೊಂಬೆಗೆ ಬೇಕಾದದ್ದು ಕಾರ್ಡಾ, ಪರೀಕ್ಷೆಯಾ?

"ಕೈಯಲ್ಲಿ ಮಾಡಿದ್ದು, ಹಾಗಾಗಿ ಮಕ್ಕಳಿಗೆ ಸೇಫ್" ಅನ್ನುವುದನ್ನು ಮೊದಲು ಬಿಡೋಣ ಮಾರಾಯ್ರೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕೂತು ಕ್ರೋಶಾ (ಕೊಕ್ಕೆ ಸೂಜಿಯಲ್ಲಿ ಹೆಣೆದ) ಗೊಂಬೆ ಮಾಡಿ ಮಾರುವ ನಾನೇ ಹೇಳುತ್ತಿದ್ದೇನೆ. ಗೊಂಬೆಯ ಕಣ್ಣಿನ ಮಣಿ ಕಿತ್ತು ಬಂದರೆ ಮಗು ಅದನ್ನು ಸೀದಾ ಬಾಯಿಗೆ ಹಾಕುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ ಲ್ಯಾಬಿನಲ್ಲಿ 31.7 ಮಿ.ಮೀ. ಅಗಲದ ಒಂದು ಕೊಳವೆ ಇರುತ್ತದೆ. ಕಿತ್ತು ಬಂದ ತುಂಡು ಅದರೊಳಗೆ ಪೂರ್ತಿ ಹಿಡಿಸಿದರೆ ಆಟಿಕೆ ಫೇಲ್, ಯಾಕೆಂದರೆ ಅಷ್ಟು ಸಣ್ಣದು ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಇದರಲ್ಲಿ ಜಗಳ ಆಡುವುದಕ್ಕೆ ಏನಿದೆ? ನಾನು ಕಣ್ಣನ್ನು ದಾರದಲ್ಲೇ ಹೊಲಿಯುತ್ತೇನೆ. ಚಂದ ಸ್ವಲ್ಪ ಕಮ್ಮಿ, ಇರಲಿ.

ನನ್ನ ತಕರಾರು ಬೇರೆ. 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ತಂದಿತು. 2021ರ ಜನವರಿ 1ರಿಂದ ಜಾರಿ. 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಐಎಸ್‌ಐ ಮಾರ್ಕ್ ಬೇಕೇ ಬೇಕು. ಬಟ್ಟೆ ಗೊಂಬೆಯೂ ಆಟಿಕೆಯೇ. ಮಾರ್ಕ್ ಬೇಕಾದರೆ ಅರ್ಜಿ, ಶುಲ್ಕ, ಮಾದರಿ ಪರೀಕ್ಷೆ, ತಯಾರಿಸುವ ಜಾಗದ ತಪಾಸಣೆ. ನನ್ನ ತಯಾರಿಸುವ ಜಾಗ ಅಂದರೆ ಚಾವಡಿಯ ಮೂಲೆಯ ಒಂದು ಕುರ್ಚಿ! ಮಾರ್ಕ್ ಇಲ್ಲದೆ ಮಾರಿದರೆ ಮೊದಲ ಸಲಕ್ಕೇ ಕನಿಷ್ಠ 2 ಲಕ್ಷ ರೂಪಾಯಿ ದಂಡದ ಮಾತು 2016ರ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಾಯ್ದೆಯಲ್ಲಿದೆ.

ಆಮೇಲೆ ವಿನಾಯಿತಿ ಕೊಟ್ಟರು, ನಿಜ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ, ಮತ್ತೆ ಜಿಐ ಟ್ಯಾಗ್ (ಇಂಥ ಊರಿನದ್ದೇ ಅನ್ನುವ ಗುರುತು) ಇರುವ ಆಟಿಕೆಗಳಿಗೆ. ಚನ್ನಪಟ್ಟಣದವರು ಬಚಾವ್, ಒಳ್ಳೆಯದೇ ಆಯಿತು. ಆದರೆ ಯೂಟ್ಯೂಬ್ ನೋಡಿ ಕಲಿತವಳು, ಕೇರಳದ ಮಹಿಳಾ ಸಂಘಗಳ ಜಾಲ ಕುಟುಂಬಶ್ರೀಯ ತರಬೇತಿಯಲ್ಲಿ ಹೊಲಿಗೆ ಕಲಿತವಳು, ಕೈಯಲ್ಲಿ ಆ ನೋಂದಣಿಯ ಕಾರ್ಡ್ ಇಲ್ಲದ ಕಾರಣಕ್ಕೆ ದೊಡ್ಡ ಫ್ಯಾಕ್ಟರಿಯವನ ಸಾಲಿನಲ್ಲಿ ನಿಲ್ಲಬೇಕು. ಕಾರ್ಡ್ ಇದ್ದವನು ಬಳಿದ ಬಣ್ಣದಲ್ಲಿ ಸೀಸದ ವಿಷ ಇದ್ದರೆ ಅದೇನು ಮಗುವಿಗೆ ಗೌರವ ಕೊಟ್ಟು ದೂರ ನಿಲ್ಲುತ್ತದಾ? ಯಾರು ಮಾಡಿದರು ಅಂತ ನೋಡುವ ಬದಲು ಏನು ಮಾಡಿದರು, ಎಷ್ಟು ಮಾಡಿದರು ಅಂತ ನೋಡಬೇಕು, ಅಲ್ವಾ?

ಅಮೆರಿಕದಲ್ಲೂ ಇದೇ ರಗಳೆ ಆಗಿತ್ತು. 2007ರಲ್ಲಿ ಸೀಸದ ಬಣ್ಣದ ಆಟಿಕೆಗಳನ್ನು ಕಂಪನಿಗಳು ರಾಶಿ ರಾಶಿ ವಾಪಸ್ ತರಿಸಿಕೊಂಡವು, 2008ರಲ್ಲಿ ಬಿಗಿ ಕಾನೂನು ಬಂತು, ತಪ್ಪು ಮಾಡಿದ್ದು ದೊಡ್ಡವರು, ಲ್ಯಾಬಿನ ಖರ್ಚು ನೋಡಿ ಕಂಗಾಲಾದದ್ದು ಮನೆಯಲ್ಲಿ ಗೊಂಬೆ ಮಾಡುವವರು. ಅವರು ಗಲಾಟೆ ಮಾಡಿದ ಮೇಲೆ 2011ರಲ್ಲಿ ತಿದ್ದುಪಡಿ ಆಯಿತು. ಆದಾಯ ಕಮ್ಮಿ ಇದ್ದು, ಒಂದು ಬಗೆಯ ವಸ್ತುವನ್ನು ವರ್ಷಕ್ಕೆ 7,500ಕ್ಕಿಂತ ಜಾಸ್ತಿ ಮಾಡದವರಿಗೆ ಕೆಲವು ಹೊರಗಿನ ಪರೀಕ್ಷೆಗಳಿಂದ ರಿಯಾಯಿತಿ. ಆದರೆ ಬಣ್ಣದ ಸೀಸ, ಸಣ್ಣ ಬಿಡಿಭಾಗ, ಈ ಎರಡರ ಪರೀಕ್ಷೆಯನ್ನಂತೂ ಬಿಡುವಂತಿಲ್ಲ. ನನಗೆ ಇದು ಸರಿ ಅನಿಸುತ್ತದೆ.

ನಮ್ಮಲ್ಲಿ ಜಾತ್ರೆ ಸಂತೆಯ ಪ್ಲಾಸ್ಟಿಕ್ ಪೀಪಿಯನ್ನು ತಿರುಗಿಸಿ ಮಾರ್ಕ್ ಹುಡುಕಿದವರನ್ನು ನಾನು ನೋಡಿಲ್ಲ. ನನ್ನ ಹತ್ತಿರ ಮಾತ್ರ "ಸರ್ಟಿಫಿಕೇಟ್ ಉಂಟಾ ಅಕ್ಕಾ?" ಅಂತ ಕೇಳುತ್ತಾರೆ. ಕೇಳಲಿ, ಬೇಜಾರಿಲ್ಲ. ಕುಟುಂಬಶ್ರೀ ಘಟಕಗಳು ಒಟ್ಟಾಗಿ ಮಾದರಿ ಕಳಿಸುವ ಹಾಗೆ, ನಮಗೆ ಎಟುಕುವ ಖರ್ಚಿನಲ್ಲಿ ಸೀಸದ್ದು, ಸಣ್ಣ ಬಿಡಿಭಾಗದ್ದು, ಆ ಎರಡು ಪರೀಕ್ಷೆಯನ್ನು ಸರ್ಕಾರ ಮಾಡಿಸಿಕೊಡಲಿ, ನನ್ನ ಗೊಂಬೆಯನ್ನು ನಾನೇ ಮೊದಲು ಕೊಡುತ್ತೇನೆ. ಅದರ ಫಾರ್ಮು ಮಲಯಾಳದಲ್ಲಿ ಮಾತ್ರ ಬೇಡ, ಕನ್ನಡದಲ್ಲೂ ಇರಲಿ. ಮಂಜೇಶ್ವರ, ಕುಂಬಳೆ ಕಡೆ ಯಾರಾದರೂ ಕುಶಲಕರ್ಮಿ ಕಾರ್ಡ್ ಮಾಡಿಸಿದ್ದರೆ ಯಾವ ಕಾಗದ ಕೇಳಿದರು ಅಂತ ಕೆಳಗೆ ಬರೆಯಿರಿ.