‘ಡೇಟಾಬೇಸ್ ಲಾಕ್ ಆಗಿದೆ’ ಎಂದರೆ ಫೈಲ್ ಕೆಟ್ಟಿದೆ ಎಂದಲ್ಲ: ಒಂದು ಸ್ಪಷ್ಟನೆ

ತೂಕದ ತಂತ್ರಾಂಶವೂ ಬಿಲ್ಲಿಂಗ್ ತಂತ್ರಾಂಶವೂ ಒಂದೇ ಎಸ್‌ಕ್ಯೂಲೈಟ್ (ಡೇಟಾಬೇಸನ್ನು ಒಂದು ಫೈಲಿನಲ್ಲಿಡುವ ವ್ಯವಸ್ಥೆ) ಫೈಲನ್ನು ಬಳಸುವಾಗ ‘ಡೇಟಾಬೇಸ್ ಲಾಕ್ ಆಗಿದೆ’ ಎಂದು ತೋರಿಸಿದರೆ ಫೈಲ್ ಕೆಟ್ಟಿದೆ, ಜೊತೆಗಿರುವ ‘-ವಾಲ್’ (-wal) ಫೈಲನ್ನು ಅಳಿಸಿಬಿಡಿ ಎಂಬ ಸಲಹೆ ಬದಿಯಡ್ಕ, ಪೆರ್ಲ ಭಾಗದ ಅಡಿಕೆ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಖಾತ್ರಿಯಾಗಿ ದಾಖಲಾದರೂ ಮುಖ್ಯ ಫೈಲಿಗೆ ಇನ್ನೂ ಸೇರದ ಬಿಲ್ಲುಗಳು ಆ ‘-ವಾಲ್’ ಫೈಲಿನಲ್ಲೇ ಇರಬಹುದು. ಅದನ್ನು ಅಳಿಸಿದರೆ ಅವೂ ಹೋಗುತ್ತವೆ.

ಎಸ್‌ಕ್ಯೂಲೈಟ್ ಫೈಲನ್ನು ಹಲವು ತಂತ್ರಾಂಶಗಳು ಒಟ್ಟಿಗೆ ಓದಬಹುದು, ಆದರೆ ಒಂದು ಹೊತ್ತಿಗೆ ಬರೆಯಬಲ್ಲದ್ದು ಒಂದೇ. ಲಾಕ್ ಸಂದೇಶವು ಸಾಮಾನ್ಯವಾಗಿ ಸೂಚಿಸುವುದು ಇಷ್ಟನ್ನೇ. ಗುಮಾಸ್ತರು ಬಿಲ್ ತೆರೆದು, ಚಾಲಿ ಅಡಿಕೆಯ ದರ ವಿಚಾರಿಸಲು ಎದ್ದು ಹೋದಾಗ ತಂತ್ರಾಂಶವು ಬರವಣಿಗೆಯ ವ್ಯವಹಾರವನ್ನು (ಟ್ರಾನ್ಸಾಕ್ಷನ್, ಅಂದರೆ ಒಟ್ಟಾಗಿ ದಾಖಲಾಗುವ ಬದಲಾವಣೆಗಳ ಗುಂಪು) ಮುಗಿಸದೆ ಹಿಡಿದಿಟ್ಟುಕೊಂಡರೆ, ತಕ್ಕಡಿಯ ಪಕ್ಕದ ತಂತ್ರಾಂಶಕ್ಕೆ ಒಂದು ಸಾಲನ್ನೂ ಬರೆಯಲಾಗದು. ದೋಷವಿರುವುದು ಅಲ್ಲಿ. ಎಲ್ಲ ವಿವರ ತುಂಬಿದ ಮೇಲೆಯೇ ವ್ಯವಹಾರವನ್ನು ಆರಂಭಿಸಿ ಕೂಡಲೇ ಮುಗಿಸಬೇಕು. ‘ಬಿಗಿನ್ ಇಮಿಡಿಯೆಟ್’ ಆದೇಶದಿಂದ ಆರಂಭಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಓದುತ್ತಾ ಶುರುವಾಗಿ ನಡುವೆ ಬರೆಯಹೊರಟ ವ್ಯವಹಾರವು ಕೆಲವೊಮ್ಮೆ ಕಾಯದೆಯೇ ವಿಫಲವಾಗುತ್ತದೆ. ‘ಬ್ಯುಸಿ ಟೈಮ್‌ಔಟ್’ (ಲಾಕ್ ಬಿಡುವವರೆಗೆ ಕಾಯುವ ಅವಧಿ) ಅನ್ನು 5000 ಮಿಲಿಸೆಕೆಂಡಿಗೆ ಇಟ್ಟರೆ ಉಳಿದ ಸಂದರ್ಭಗಳಲ್ಲಿ ತಂತ್ರಾಂಶವು ಐದು ಸೆಕೆಂಡಿನವರೆಗೆ ಕಾದು ನೋಡುತ್ತದೆ.

2010ರಲ್ಲಿ ಎಸ್‌ಕ್ಯೂಲೈಟ್ 3.7.0 ಆವೃತ್ತಿಯೊಂದಿಗೆ ಬಂದ, ಬದಲಾವಣೆಗಳನ್ನು ಮೊದಲು ‘-ವಾಲ್’ ಫೈಲಿಗೆ ಬರೆಯುವ ವಾಲ್ ವಿಧಾನದಲ್ಲಿ ಓದುವವರೂ ಬರೆಯುವವರೂ ಪರಸ್ಪರ ತಡೆಯುವುದಿಲ್ಲ ಎಂಬುದು ನಿಜ. ಆದರೆ ಅದು ಹಂಚಿಕೊಂಡ ಮೆಮೊರಿಯನ್ನು ಅವಲಂಬಿಸಿರುವುದರಿಂದ ಎಲ್ಲ ತಂತ್ರಾಂಶಗಳೂ ಒಂದೇ ಕಂಪ್ಯೂಟರಿನಲ್ಲಿರಬೇಕು. ಅಂಗಡಿಗೂ ಗೋದಾಮಿಗೂ ಬೇರೆ ಬೇರೆ ಕಂಪ್ಯೂಟರುಗಳಿದ್ದರೆ ನೆಟ್‌ವರ್ಕ್ ಫೋಲ್ಡರಿನಲ್ಲಿ ಫೈಲ್ ಇಡದೆ, ಪೋಸ್ಟ್‌ಗ್ರೆಸ್‌ನಂಥ ಸರ್ವರ್ ಡೇಟಾಬೇಸನ್ನು ಬಳಸಬೇಕು.